ಸಪ್ತಾಪುರದ ಒಂದು ರೀಡಿಂಗ್ ರೂಮು: ಪಕ್ಕದ ಕುರ್ಚಿಯಲ್ಲಿ ಯಾರಿದ್ದಾರೆ ನೋಡಿ ದುಡ್ಡು ಕಟ್ಟಿ

ಸರ್ಕಾರಿ ನೌಕರಿ ಪರೀಕ್ಷೆಗೆ ಓದಲು ಧಾರವಾಡಕ್ಕೆ ಬರುವವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಯಾವ ಖಾನಾವಳಿ ಚಲೋ, ಯಾವ ರೀಡಿಂಗ್ ರೂಮು ಚಲೋ. ಖಾನಾವಳಿ ವಿಚಾರ ಸುಲಭ, ಎರಡು ದಿನ ಉಂಡರೆ ಹೊಟ್ಟೆಯೇ ಹೇಳುತ್ತದೆ. ರೀಡಿಂಗ್ ರೂಮಿನದು, ಅಂದರೆ ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಿ ಕೂತು ಓದುವ ಜಾಗದ್ದು, ಹಾಗಲ್ಲ. ಅದು ನಮಗೆ ಆಗಿಬರುತ್ತೋ ಇಲ್ಲವೋ ಅಂತ ತಿಳಿಯುವಷ್ಟರಲ್ಲಿ ಐದಾರು ತಿಂಗಳು ಹೋಗಿರುತ್ತದೆ, ಜೊತೆಗೆ ಒಂದು ಪರೀಕ್ಷೆಯೂ ಕೈತಪ್ಪಿರುತ್ತದೆ. ನನಗೆ ಹಾಗೇ ಆಯಿತು. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ನವಲಗುಂದ ತಾಲ್ಲೂಕಿನ ಹಳ್ಳಿಯವನು. 2023ರ ಜನವರಿಯಲ್ಲಿ ಇಲ್ಲಿಗೆ ಬಂದೆ. ಈವರೆಗೆ ಎರಡು ರೂಮಿನಲ್ಲಿ ಕೂತಿದ್ದೇನೆ. ಎರಡರ ಹೆಸರನ್ನೂ ಬರೆಯುವುದಿಲ್ಲ. ಮೊದಲನೆಯದರ ಹೆಸರು ಕೆಡಿಸುವ ಮನಸ್ಸಿಲ್ಲ, ಎರಡನೆಯದರಲ್ಲಿ ಈಗಲೇ ಕುರ್ಚಿ ಕಮ್ಮಿ. ಸಪ್ತಾಪುರ, ಮಿಚಿಗನ್ ಕಂಪೌಂಡ್, ಶ್ರೀನಗರ ಸರ್ಕಲ್ ಸುತ್ತ ಇಂಥ ರೂಮುಗಳು ಓಣಿಗೊಂದು ಸಿಗುತ್ತವೆ. ನೀವು ಯಾವುದಕ್ಕೇ ಹೋಗಿ, ಏನನ್ನು ನೋಡಬೇಕು ಅನ್ನೋದು ಈ ಬರಹದಲ್ಲಿ ಸಿಕ್ಕರೆ ಸಾಕು.

ಮೊದಲ ರೂಮು ನೋಡಲು ಬಹಳ ಚೆನ್ನಾಗಿತ್ತು. ಏಸಿ, ವೈಫೈ, ಮೆತ್ತನೆ ಕುರ್ಚಿ, ಪ್ರತಿ ಟೇಬಲ್ಲಿಗೂ ಬೇರೆ ಲೈಟು, ಪ್ಲಗ್ ಪಾಯಿಂಟು. ತಿಂಗಳಿಗೆ 1,200 ರೂಪಾಯಿ. ಅಪ್ಪ ಸಾಲ ಮಾಡಿ ಕಳಿಸಿದ ದುಡ್ಡಿನಲ್ಲಿ ಮೂರು ತಿಂಗಳದ್ದು ಒಮ್ಮೆಗೇ ಕಟ್ಟಿದೆ. ಸೌಕರ್ಯದಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ.

ಮೂರನೇ ದಿನಕ್ಕೆ ಅಕ್ಕಪಕ್ಕದವರ ಪರಿಚಯ ಆಯಿತು. ಒಳ್ಳೆಯ ಹುಡುಗರೇ. ಜ್ವರ ಬಂದಾಗ ಗುಳಿಗೆ ತಂದುಕೊಟ್ಟವರು, ಕೈಯಲ್ಲಿ ರೊಕ್ಕ ಇಲ್ಲದಾಗ ಖಾನಾವಳಿ ಬಿಲ್ಲು ಕಟ್ಟಿದವರು. ಈಗಲೂ ನನ್ನ ಗೆಳೆಯರೇ. ಬೆಳಿಗ್ಗೆ ಹತ್ತಕ್ಕೆ ಒಮ್ಮೆ ಚಾ, ಹನ್ನೆರಡಕ್ಕೆ ಒಮ್ಮೆ, ಊಟ ಆದಮೇಲೆ ಎಲೆ ಅಡಿಕೆಗೆ ಒಮ್ಮೆ, ನಾಲ್ಕಕ್ಕೆ ಗಿರ್ಮಿಟ್ ಮಿರ್ಚಿಗೆ ಒಮ್ಮೆ, ಸಂಜೆ ಸುಮ್ನೆ ಒಮ್ಮೆ. ಪ್ರತಿ ಸಲ ಅರ್ಧ ಗಂಟೆ. ಹೊತ್ತು ಹೋಗಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಚಾ ಅಂಗಡಿ ಮುಂದೆ ನಿಂತು ಆಡುತ್ತಿದ್ದ ಮಾತಿದೆಯಲ್ಲ, ಅದು ನನ್ನನ್ನು ಕೆಡಿಸಿತು.

"ಎಷ್ಟ್ ಓದಿದ್ರ ಏನೋ ಮಾರಾಯಾ, ಎಲ್ಲಾ ಮೊದಲ ಫಿಕ್ಸ್ ಆಗಿರ್ತೈತಿ. ರೊಕ್ಕ ಇದ್ದವರಿಗಷ್ಟ ಪೋಸ್ಟ್."

ಈ ಮಾತನ್ನು ದಿನಕ್ಕೆ ಐದು ಸಲ ಕೇಳಿ. ಒಂದು ತಿಂಗಳು ಕೇಳಿ. ಆಮೇಲೆ ಕುರ್ಚಿಗೆ ಬಂದು ಪುಸ್ತಕ ತೆಗೆದರೆ ಕೈಯೇ ಏಳುವುದಿಲ್ಲ. ಆ ಮಾತಿಗೆ ಆಧಾರವೂ ಇತ್ತು, ಅದೇ ಕಷ್ಟ. 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತ್ತು. ಅದಕ್ಕೂ ಮೊದಲು 2021ರ ಜನವರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪ್ರಶ್ನೆಪತ್ರಿಕೆ ಸೋರಿ, ಪರೀಕ್ಷೆಯ ಹಿಂದಿನ ದಿನ ಮುಂದೂಡಿದ್ದರು. ಅಂದಮೇಲೆ ಗೆಳೆಯರು ಸುಳ್ಳು ಹೇಳುತ್ತಿರಲಿಲ್ಲ ಅಲ್ವಾ? ಆದರೆ ನಿಜವನ್ನೇ ಹೇಳುತ್ತಾ ಹೇಳುತ್ತಾ ಅವರು ಓದುವುದನ್ನು ಬಿಟ್ಟಿದ್ದರು. ಅವರ ಜೊತೆ ನಾನೂ ಬಿಟ್ಟೆ. ಊರಿಗೆ ಹೋದಾಗ ತಮ್ಮ ಏನೋ ಕೇಳಿದರೆ, ಅದೇ ಮಾತು, ಅದೇ ಧಾಟಿಯಲ್ಲಿ, ಹೆಗಲು ಕುಣಿಸಿಕೊಂಡು ನನ್ನ ಬಾಯಿಂದ ಬಂತು. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಇದು ಯಾರ ಮಾತು? ನಿಂದಲ್ಲ" ಅಂದಳು.

ಐದು ತಿಂಗಳಾದ ಮೇಲೆ ಜಾಗ ಬದಲಾಯಿಸಿದೆ.

ಎರಡನೇ ರೂಮು ಹಳೇ ಹಂಚಿನ ಮನೆ. ಏಸಿ ಇಲ್ಲ, ಫ್ಯಾನಿದೆ. ಕುರ್ಚಿ ಕಬ್ಬಿಣದ್ದು, ಮನೆಯಿಂದ ದಿಂಬು ತಂದುಕೊಳ್ಳಬೇಕು. ತಿಂಗಳಿಗೆ 800 ರೂಪಾಯಿ. ಮಳೆಗಾಲದಲ್ಲಿ, ನಮ್ಮ ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಮೂಲೆಯಲ್ಲಿ ಒಂದು ಕಡೆ ಸೋರುತ್ತದೆ, ಅಲ್ಲೊಂದು ಬಕೆಟ್ ಇಟ್ಟಿರುತ್ತಾರೆ. ನಡೆಸುವವರು ನಿವೃತ್ತ ಗಣಿತ ಮಾಸ್ತರು. ದುಡ್ಡು ತೆಗೆದುಕೊಳ್ಳುವ ಮೊದಲು ಎದುರಿಗೆ ಕೂರಿಸಿಕೊಂಡು ಕೇಳಿದರು: "ಯಾವ ಪರೀಕ್ಷಾಕ್ಕ ಓದ್ತಿ? ಮುಂಜಾನೆ ಎಷ್ಟಕ್ಕ ಏಳ್ತಿ? ಊರಾಗಿನ ಗೆಳ್ಯಾರು ಯಾರರ ಇಲ್ಲಿ ಅದಾರೇನು?" ಇದ್ದಾರೆ ಅಂದರೆ ಅವರಿಂದ ದೂರದ ಕುರ್ಚಿ ಕೊಡುತ್ತಾರೆ. ಒಂದೇ ಊರಿನ ಮೂರು ಜನರನ್ನು ಒಂದೇ ಸಾಲಿನಲ್ಲಿ ಕೂರಿಸುವುದಿಲ್ಲ. ಹೊಸಬರ ಪಕ್ಕ ಹಳಬರು, ಹೆದರುವವರ ಪಕ್ಕ ಗಟ್ಟಿ ಮನಸ್ಸಿನವರು, ಮಾತು ಜಾಸ್ತಿ ಇರುವವರ ಪಕ್ಕ ಎರಡೂ ಕಡೆ ಮೌನದವರು. ಊಟಕ್ಕೆ ಎಲೆ ಹಾಕುವಷ್ಟು ಯೋಚನೆ ಮಾಡಿ ಕುರ್ಚಿ ಹಾಕುತ್ತಾರೆ. ಈ ರೂಮಿನ ನಿಜವಾದ ಸೇವೆ ಇದೇ. ಇದನ್ನು ಬೋರ್ಡಿನಲ್ಲಿ ಬರೆದಿಲ್ಲ, ಬರೆಯಲೂ ಆಗುವುದಿಲ್ಲ.

ನನ್ನ ಎಡಗಡೆ ಕುರ್ಚಿಯಲ್ಲಿ ಯಾದಗಿರಿ ಜಿಲ್ಲೆ ಶಹಾಪುರ ಕಡೆಯ ಅಣ್ಣ ಒಬ್ಬರಿದ್ದರು. ಮೊದಲ ವಾರ ಅವರು ನನ್ನ ಜೊತೆ ಆಡಿದ್ದು ಬಹುಶಃ ನಾಲ್ಕು ಮಾತು. ಬೆಳಿಗ್ಗೆ ಆರೂವರೆಗೆ ಬರುತ್ತಿದ್ದರು. ಬಂದವರೇ ಕೈಗಡಿಯಾರ ಬಿಚ್ಚಿ, ಮುಖ ಕೆಳಗೆ ಮಾಡಿ ಟೇಬಲ್ ಮೇಲೆ ಇಡುತ್ತಿದ್ದರು. ಗೈಡು ತೆರೆದು, ಹಿಂದಿನ ದಿನ ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗೆರೆ. ಒಂಬತ್ತೂವರೆಗೆ ಗಡಿಯಾರ ತಿರುಗಿಸಿ ನೋಡಿ, ಎದ್ದು, ನೀರು ಕುಡಿದು, ಮತ್ತೆ ಕೂರುತ್ತಿದ್ದರು. ಅಷ್ಟೇ. ಎಂಟನೇ ದಿನವೋ ಒಂಬತ್ತನೇ ದಿನವೋ, ನಾನು ಬಂದು ಕೂತೆ. ಕೈ ತಾನಾಗಿ ಗಡಿಯಾರ ಬಿಚ್ಚಿತು. ಮುಖ ಕೆಳಗೆ ಮಾಡಿ ಇಟ್ಟಿತು. ಯಾರೂ ಹೇಳಿರಲಿಲ್ಲ. ಅದನ್ನು ನೋಡಿ ಅವರು ಸ್ವಲ್ಪ ನಕ್ಕರು, ನಾನೂ ನಕ್ಕೆ.

ಆಮೇಲೆ ಮಾತು ಬೆಳೆಯಿತು. ಸಂವಿಧಾನದ 371(ಜೆ) ವಿಧಿಯನ್ನು ನಾನು ಗೈಡಿನ ಒಂದು ಸಾಲಾಗಿ ಬಾಯಿಪಾಠ ಮಾಡಿದ್ದೆ: 98ನೇ ತಿದ್ದುಪಡಿ, 2012, ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ. ಅವರು ಒಂದು ಸಂಜೆ ತಮ್ಮ ಫೈಲಿನಿಂದ, ಆ ಭಾಗದವರಿಗಿರುವ ಮೀಸಲಾತಿಗೆ ಬೇಕಾದ ಅರ್ಹತಾ ಪ್ರಮಾಣಪತ್ರ ತೆಗೆದು ತೋರಿಸಿದರು. ಅದಕ್ಕಾಗಿ ಯಾವ ಯಾವ ಕಚೇರಿಗೆ ಅಲೆದೆ, ಅಪ್ಪನ ಹಳೇ ಕಾಗದ ಎಲ್ಲಿ ಹುಡುಕಿದೆ ಅಂತ ಹೇಳಿದರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆ ಈಗ ನನ್ನ ತಲೆಯಿಂದ ಹೋಗಲು ಸಾಧ್ಯವೇ ಇಲ್ಲ. ಅವರ ಊರಿನ ಬಸ್ಸು, ಅವರ ಊರಿನ ಶಾಲೆ, ಎಲ್ಲ ಅದರ ಜೊತೆ ಕೂತುಬಿಟ್ಟಿದೆ.

ಹೆಣ್ಣುಮಕ್ಕಳ ಸಾಲಿನಲ್ಲಿ ಸವದತ್ತಿ ಕಡೆಯ ಅಕ್ಕ ಒಬ್ಬರಿದ್ದಾರೆ. ಅವರ ಹತ್ತಿರ ಒಂದು ನೋಟ್‌ಬುಕ್ಕು, ಮೇಲೆ "ತಪ್ಪು" ಅಂತ ಮಾತ್ರ ಬರೆದಿದೆ. ಮಾದರಿ ಪರೀಕ್ಷೆಯಲ್ಲಿ ತಪ್ಪಾದ ಪ್ರಶ್ನೆ ಮಾತ್ರ ಅದರಲ್ಲಿ. ಎಡಗಡೆ ಪುಟದಲ್ಲಿ ಪ್ರಶ್ನೆ ಮತ್ತು ತಾವು ಗುರುತು ಹಾಕಿದ ಉತ್ತರ, ಬಲಗಡೆ ಪುಟದಲ್ಲಿ ಸರಿ ಉತ್ತರ, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಯಾಕೆ ತಪ್ಪಾಯಿತು ಅನ್ನೋದು ಒಂದೇ ಸಾಲು. "ಅವಸರ ಮಾಡಿದೆ." "'ಅಲ್ಲ' ಅನ್ನೋ ಪದ ಓದಲಿಲ್ಲ." "ಗೊತ್ತಿರಲಿಲ್ಲ, ಊಹೆ." ಕೆಎಎಸ್ (ರಾಜ್ಯ ಆಡಳಿತ ಸೇವೆ) ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಹಂತದ ಪರೀಕ್ಷೆಯಲ್ಲಿ, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಕಳೆಯುತ್ತಾರೆ. ಹಾಗಾಗಿ ಊಹೆ ಯಾವುದು, ತಿಳಿವಳಿಕೆ ಯಾವುದು ಅಂತ ತನಗೆ ತಾನೇ ಗೊತ್ತಿರಬೇಕು. ಈಗ ನಮ್ಮ ರೂಮಿನಲ್ಲಿ ಹತ್ತು ಹನ್ನೆರಡು ಜನರ ಹತ್ತಿರ ಇಂಥ ನೋಟ್‌ಬುಕ್ಕಿದೆ. ಮೊದಲ ರೂಮಿನಲ್ಲಿ ನಾವೆಲ್ಲ ಸರಿ ಬಂದ ಉತ್ತರವನ್ನೇ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದೆವು. ತಪ್ಪನ್ನು ಮುಚ್ಚಿಡದೆ ತೆರೆದಿಟ್ಟು ಓದುವವರನ್ನು ನಾನು ಮೊದಲು ನೋಡಿದ್ದು ಈ ರೂಮಿನಲ್ಲೇ.

ಇನ್ನು ಹಿಂದಿನ ಸಾಲಿನ ಬಾಗಲಕೋಟೆಯ ಅಣ್ಣನ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿ ಆಗುವುದಿಲ್ಲ. ಅವರು 2021ರ ಆ 545ರ ಪಟ್ಟಿಯಲ್ಲಿದ್ದವರು. ಓದಿ ಬರೆದು ಪಟ್ಟಿಗೆ ಬಂದವರು. ಪರೀಕ್ಷೆ ರದ್ದಾದಾಗ ಅವರದೂ ಹೋಯಿತು. ಊರಲ್ಲಿ ಪೇಡೆ ಹಂಚಿ ಆಗಿತ್ತಂತೆ. ಮತ್ತೆ ಬಂದು, ಮೊದಲ ಪುಟದಿಂದ ಶುರು ಮಾಡಿ, 2024ರ ಜನವರಿ 23ರಂದು ನಡೆದ ಮರುಪರೀಕ್ಷೆಗೆ ಕೂತರು. ಎಲ್ಲ ಫಿಕ್ಸ್ ಅಂತ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗಿತ್ತು. ಏಳೆಂಟು ತಿಂಗಳು ಅವರ ಮುಂದೆ ಕೂತು ಓದಿದ್ದೇನೆ, ಆ ಮಾತು ಅವರ ಬಾಯಿಂದ ಒಂದು ದಿನವೂ ಬರಲಿಲ್ಲ. ಒಮ್ಮೆ ನಾನೇ ಕೆದಕಿ ಕೇಳಿದೆ. "ತಮ್ಮಾ, ಅವ್ರು ಮಾಡಿದ್ದು ಅವ್ರ ಲೆಕ್ಕಕ್ಕ. ನಾ ಓದಿದ್ದು ನನ್ನ ಲೆಕ್ಕಕ್ಕ" ಅಂದು ಪುಸ್ತಕಕ್ಕೆ ಮುಖ ಹಾಕಿದರು. ಚಾ ಅಂಗಡಿಯ ಐದು ತಿಂಗಳ ಮಾತನ್ನು ನನ್ನ ತಲೆಯಿಂದ ತೆಗೆದಿದ್ದು ಈ ಎರಡು ಸಾಲು. ಅವರು ಹೇಳಿದರು ಅನ್ನೋದಕ್ಕಿಂತ, ಹೇಳಿ ಮತ್ತೆ ಓದಲು ಶುರು ಮಾಡಿದರಲ್ಲ, ಅದು.

ಅವರ ಜೊತೆ ಓಡಲು ಹೋಗುತ್ತಿದ್ದೆವು, ಐದು ಜನ, ಬೆಳಿಗ್ಗೆ ಐದೂವರೆಗೆ, ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನಕ್ಕೆ. ಪಿಎಸ್‌ಐ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು 7 ನಿಮಿಷದೊಳಗೆ ಓಡಬೇಕು. ಒಬ್ಬನೇ ಓಡಿದಾಗ ನನ್ನದು 7 ನಿಮಿಷ 50 ಸೆಕೆಂಡ್. ಎಷ್ಟು ದಿನ ಓಡಿದರೂ ಅಷ್ಟೇ. ಅವರ ಜೊತೆ ಓಡಿದರೆ ಮೂರನೇ ಸುತ್ತಿನಲ್ಲಿ ಉಸಿರು ಬಾಯಿಗೆ ಬರುತ್ತಿತ್ತು, ಆದರೂ ಮುಂದಿನವರ ಬೂಟಿನ ಹಿಮ್ಮಡಿ ನೋಡುತ್ತಾ ಕಾಲು ತಾನಾಗಿ ಹೋಗುತ್ತಿತ್ತು. ಎರಡು ತಿಂಗಳಿಗೆ 6 ನಿಮಿಷ 48 ಸೆಕೆಂಡ್‌ಗೆ ಬಂದೆ. ಸಹವಾಸದಿಂದ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ಅಂಕಿ ಹೇಳುತ್ತೇನೆ. ಅದೇ ಕಾಲು, ಅದೇ ಮೈದಾನ, ಅದೇ ಖಾನಾವಳಿಯ ರೊಟ್ಟಿ.

ಧಾರವಾಡಕ್ಕೆ ಇದು ಹೊಸದಲ್ಲ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು, ಪಕ್ಕದವನ ಪುಸ್ತಕ ಎರವಲು ತಂದು ಓದಿ ಮೇಲೆ ಬಂದ ಹಳ್ಳಿ ಹುಡುಗರ ಕಥೆ ಈ ಭಾಗದ ಎಷ್ಟೋ ಮನೆಗಳಲ್ಲಿದೆ. ನಮ್ಮ ಮಾಸ್ತರು ಕುರ್ಚಿ ಹಾಕುವ ರೀತಿ ನೋಡಿದರೆ ಅವರೂ ಅಂಥ ಪಂಕ್ತಿಯಲ್ಲಿ ಕೂತು ಉಂಡು ಓದಿದವರೇ ಇರಬೇಕು ಅನ್ನಿಸುತ್ತದೆ.

ಈಗ ಕೊರತೆ ಹೇಳಬೇಕು. ಹೆಣ್ಣುಮಕ್ಕಳ ಶೌಚಾಲಯ ಹಿತ್ತಲಲ್ಲಿದೆ, ದಾರಿಯಲ್ಲಿ ಲೈಟು ಸರಿ ಇಲ್ಲ. ಇದನ್ನು ಅಕ್ಕ ಮೂರು ಸಲ ಹೇಳಿದ್ದಾರೆ, ನಾನೂ ಹೇಳಿದ್ದೇನೆ, ಇನ್ನೂ ಆಗಿಲ್ಲ. ಇದು ಸಣ್ಣ ವಿಷಯ ಅಲ್ಲ. ಸಂಜೆ ಏಳಾದ ಮೇಲೆ ಅವರು ನೀರು ಕುಡಿಯುವುದನ್ನೇ ಕಮ್ಮಿ ಮಾಡುತ್ತಾರೆ. ಮಾಸ್ತರಂಥವರು ಇದನ್ನು ಮೊದಲೇ ಮಾಡಿಸಬೇಕಿತ್ತು. ಕರೆಂಟ್ ಹೋದರೆ ಇನ್ವರ್ಟರ್ ಒಂದು ಗಂಟೆ ಬರುತ್ತದೆ, ಅಷ್ಟೇ. ವೈಫೈ ಇಲ್ಲ, ಅದು ಬೇಡ ಕೂಡ.

ಇನ್ನೊಂದು ಕೊರತೆ ರೂಮಿನದಲ್ಲ, ನಮ್ಮದು. ಒಳ್ಳೆಯವರ ಜೊತೆ ಇದ್ದರೂ ಅವರ ಎಲ್ಲವೂ ಒಳ್ಳೆಯದಾಗಿರುವುದಿಲ್ಲ. ನಮ್ಮ ಸಾಲಿನಲ್ಲಿ ನಿದ್ದೆ ಕಮ್ಮಿ ಮಾಡುವುದೇ ದೊಡ್ಡಸ್ತಿಕೆ ಆಗಿತ್ತು. ಒಬ್ಬರು ನಾಲ್ಕು ಗಂಟೆ ಮಲಗಿದರೆ ಇನ್ನೊಬ್ಬರು ಮೂರೂವರೆ. ಊರಿನ ಫೋನು ಬಂದರೆ ಯಾರೂ ಎತ್ತುತ್ತಿರಲಿಲ್ಲ. ಎಡಗಡೆ ಕುರ್ಚಿಯ ಅಣ್ಣ ಎತ್ತುತ್ತಿರಲಿಲ್ಲ, ಹಾಗಾಗಿ ನಾನೂ ಎತ್ತಲಿಲ್ಲ. ಅವ್ವ ದಿನಾ ರಾತ್ರಿ ಎಂಟಕ್ಕೆ ಮಾಡುತ್ತಿದ್ದವಳು ವಾರಕ್ಕೊಮ್ಮೆ ಮಾಡಲು ಶುರು ಮಾಡಿದಳು. ಅದು ನನ್ನ ಗಮನಕ್ಕೆ ಬಂದದ್ದೇ ಎರಡು ತಿಂಗಳಾದ ಮೇಲೆ. ಆ ಎರಡು ತಿಂಗಳ ಬಗ್ಗೆ ನನಗೆ ಇವತ್ತಿಗೂ ನೋವಿದೆ. ಗಡಿಯಾರ ಬಿಚ್ಚಿಡುವುದನ್ನು ಕಲಿತಷ್ಟೇ ಸುಲಭವಾಗಿ ಇದನ್ನೂ ಕಲಿತಿದ್ದೆ.

ನಿರಾಸೆಯೂ ಹಾಗೇ ಹರಡುತ್ತದೆ. 2024ರ ಆಗಸ್ಟ್ 27ರಂದು ಕೆಎಎಸ್ ಪ್ರಿಲಿಮ್ಸ್ ಆಯಿತು. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅನುವಾದದ ತಪ್ಪು ತುಂಬಿತ್ತು. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆದ ನಮಗೆ ಎಷ್ಟು ಸಂಕಟ ಆಗಿರಬೇಕು ಯೋಚಿಸಿ. ಮತ್ತೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ, ಅದರಲ್ಲೂ ಅನುವಾದದ ತಪ್ಪು. ನಡುವೆ ಅಕ್ಟೋಬರ್ ಕೊನೆಯಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಇಲ್ಲ ಅಂತ ಸರ್ಕಾರ ಹೇಳಿತ್ತು. 60 ಕುರ್ಚಿಯ ರೂಮಿನಲ್ಲಿ ಆಗ 25 ಜನ ಉಳಿದೆವು. ಉಳಿದವರೂ ಬಂದು ಕೂತು ಗೋಡೆ ನೋಡುತ್ತಿದ್ದೆವು. ಒಬ್ಬರು ನಿಟ್ಟುಸಿರು ಬಿಟ್ಟರೆ ಇಡೀ ಸಾಲು ಬಿಡುತ್ತಿತ್ತು. ಮಾಸ್ತರು ಆ ತಿಂಗಳು ಫೀ 500ಕ್ಕೆ ಇಳಿಸಿದರು. ಅಕ್ಕ ಹೊಸ ವರ್ಷದ ಮರುದಿನ ಬೆಳಿಗ್ಗೆ ಬಂದು, ಮರುಪರೀಕ್ಷೆಯ ಪತ್ರಿಕೆ ತೆಗೆದು, "ತಪ್ಪು" ಬುಕ್ಕಿನಲ್ಲಿ ಮೊದಲ ಪ್ರಶ್ನೆ ಬರೆಯಲು ಕೂತರು. ಅವರ ಪೆನ್ನಿನ ಸಪ್ಪಳ ಕೇಳುತ್ತಿತ್ತು, ಅಷ್ಟು ಮೌನ ಇತ್ತು. ಹತ್ತು ನಿಮಿಷ ಆದಮೇಲೆ ನನ್ನ ಎಡಗಡೆ ಅಣ್ಣ ಬುಕ್ಕು ತೆಗೆದರು. ಆಮೇಲೆ ನಾನು.

ಆ ಅಣ್ಣ 2024ರ ಅಕ್ಟೋಬರ್ 27ರಂದು ಬರೆದಿದ್ದ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಯಲ್ಲಿ ಆಯ್ಕೆ ಆದರು. ರಾಜ್ಯಕ್ಕೆಲ್ಲ ಸೇರಿ ಇದ್ದದ್ದು 1000 ಹುದ್ದೆ. ಹೋಗುವ ದಿನ ತಮ್ಮ ದಿಂಬನ್ನು ನನ್ನ ಕುರ್ಚಿಯ ಮೇಲೆ ಇಟ್ಟು ಹೋದರು. ನನಗೆ ಇನ್ನೂ ಆಗಿಲ್ಲ. ಪಿಎಸ್‌ಐ ಓಟ ಪಾಸಾಗುತ್ತೇನೆ, ಲಿಖಿತದಲ್ಲಿ ಇನ್ನೂ ದೂರ ಇದ್ದೇನೆ. ಫಲಿತಾಂಶ ನೋಡಿ ರೂಮಿಗೆ ಅಂಕ ಕೊಡುವುದಾದರೆ ನನ್ನ ಮಾತು ನಂಬಬೇಡಿ. ಆದರೆ ಮೊದಲ ರೂಮಿನಲ್ಲೇ ಇದ್ದಿದ್ದರೆ ನಾನು ಯಾರಾಗಿರುತ್ತಿದ್ದೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಅವ್ವನ ಮುಂದೆ ಹೆಗಲು ಕುಣಿಸಿದ ದಿನ ಅವನನ್ನು ನೋಡಿದ್ದೇನೆ.

5ಕ್ಕೆ 4. ಆ ಒಂದು ಅಂಕ ಹಿತ್ತಲ ದಾರಿಗೆ ಲೈಟು ಹಾಕಿದ ದಿನ ಕೊಡುತ್ತೇನೆ.

ರೂಮು ಹುಡುಕುತ್ತಿರುವವರು ಒಂದು ಕೆಲಸ ಮಾಡಿ. ಬೆಳಿಗ್ಗೆ ಹೋಗಿ ನೋಡಬೇಡಿ, ಬೆಳಿಗ್ಗೆ ಎಲ್ಲರೂ ಓದುತ್ತಾರೆ. ಮಧ್ಯಾಹ್ನ ಮೂರೂವರೆಗೆ ಹೋಗಿ. ಉಂಡ ಜೋಂಪು ಇರುವ ಹೊತ್ತು ಅದು. ಎಷ್ಟು ಕುರ್ಚಿ ಖಾಲಿ ಇವೆ, ಖಾಲಿ ಕುರ್ಚಿಯವರು ಎಲ್ಲಿದ್ದಾರೆ, ಬಂದವರು ಬಾಗಿಲು ಹೇಗೆ ಮುಚ್ಚುತ್ತಾರೆ, ಇಷ್ಟು ನೋಡಿ. ಆಮೇಲೆ ಹೊರಗಿನ ಚಾ ಅಂಗಡಿಯಲ್ಲಿ ಒಂದು ಕಪ್ ಚಾ ಕುಡಿಯುತ್ತಾ ಅವರ ಮಾತು ಕೇಳಿ. ಏಸಿ, ವೈಫೈ ಕೊನೆಗೆ ವಿಚಾರಿಸಿ. ಮೂರು ತಿಂಗಳದ್ದು ಒಮ್ಮೆಗೇ ಕಟ್ಟಬೇಡಿ.

ಕಳೆದ ತಿಂಗಳು ಮಾಸ್ತರು ನನ್ನ ಬಲಗಡೆ ಒಬ್ಬ ಹುಡುಗನನ್ನು ಕೂರಿಸಿದ್ದಾರೆ. ರೋಣದ ಕಡೆಯವನು, ಈಗಷ್ಟೇ ಡಿಗ್ರಿ ಮುಗಿದಿದೆ. ಗಣಿತದಲ್ಲಿ ನನಗಿಂತ ಮುಂದೆ. ನಮ್ಮಲ್ಲಿ ಬಾಗಿಲ ಹತ್ತಿರ ಮೊಬೈಲ್ ಇಡಲು ಒಂದು ಕಟ್ಟಿಗೆಯ ಪೆಟ್ಟಿಗೆ ಇದೆ, ಇಡಲೇಬೇಕು ಅಂತ ಜುಲುಮೆ ಇಲ್ಲ. ಅವನು ಬಂದ ದಿನದಿಂದ ಅಲ್ಲೇ ಇಡುತ್ತಿದ್ದ. ಮೊನ್ನೆ ಒಂದು ಪರೀಕ್ಷೆಯ ಕೀ ಉತ್ತರ (ಸರಿ ಉತ್ತರಗಳ ಪಟ್ಟಿ) ಬರುವುದಿತ್ತು ಅಂತ ನಾನು ನನ್ನ ಮೊಬೈಲ್ ಟೇಬಲ್ ಮೇಲೆ ಇಟ್ಟುಕೊಂಡಿದ್ದೆ. ಐದು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ. ಕೀ ಉತ್ತರ ಬರಲಿಲ್ಲ, ಮಾರನೇ ದಿನವೂ ಇಟ್ಟುಕೊಂಡೆ. ಮೂರನೇ ದಿನ ಬಲಕ್ಕೆ ತಿರುಗಿ ನೋಡಿದರೆ ಅವನ ಮೊಬೈಲೂ ಪುಸ್ತಕದ ಪಕ್ಕ, ನನ್ನದು ಇಟ್ಟ ಹಾಗೇ ಓರೆಯಾಗಿ. ನನಗೆ ಎದೆ ಧಸಕ್ ಅಂದಿತು. ಏನೂ ಮಾತಾಡಲಿಲ್ಲ. ಎದ್ದು ಹೋಗಿ ನನ್ನದನ್ನು ಪೆಟ್ಟಿಗೆಯಲ್ಲಿಟ್ಟು ಬಂದು ಕೂತೆ. ಸ್ವಲ್ಪ ಹೊತ್ತಿಗೆ ಅವನ ಕುರ್ಚಿ ಹಿಂದೆ ಸರಿದ ಸಪ್ಪಳ ಕೇಳಿಸಿತು.